ಗೋಡೆಯ ಹಿಂದೆ ನಿಂತವನು

ಸಂಕ್ರಾಂತಿ ರಜೆಗೆ ಮಗ ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಬಂದಿದ್ದ. ಇಂಟರ್ ಮೊದಲ ವರ್ಷ. ಅವನಿದ್ದ ಹಾಸ್ಟೆಲ್ಲಿನಲ್ಲಿ ಮಕ್ಕಳು ಫೋನ್ ಇಟ್ಟುಕೊಳ್ಳುವಂತಿಲ್ಲ. ಗಾಜುವಾಕದ ನಮ್ಮ ಮನೆಗೆ ಕಾಲಿಟ್ಟವನೇ ಬ್ಯಾಗನ್ನು ಮೂಲೆಗೆ ತಳ್ಳಿ, ನನ್ನ ಫೋನ್ ತೆಗೆದುಕೊಂಡು ಕಾಲ್ ಆಫ್ ಡ್ಯೂಟಿ ಹಾಕಿಕೊಂಡ.

ನಾನು ಇಂಥ ಆಟಗಳನ್ನು ಕಾಣದವನೇನಲ್ಲ. ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ಸೈಬರ್ ಕೆಫೆಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಐಜಿಐ ಆಡಿದವನು. ಪರದೆಯಲ್ಲಿ ಕಾಣುತ್ತಿದ್ದುದು ಮುಂದೆ ಚಾಚಿದ ಬಂದೂಕು, ಅದರಾಚೆ ಗುರಿ, ಅಷ್ಟೇ. ನಮಗೆ ಮೈಯೂ ಇಲ್ಲ, ಮುಖವೂ ಇಲ್ಲ. ಏಣಿ ಹತ್ತುವಾಗ ಮಾತ್ರ ನಾಯಕ ಡೇವಿಡ್ ಜೋನ್ಸ್ ಹೊರಗಿನಿಂದ ಕಾಣುತ್ತಿದ್ದ. ಹತ್ತಿ ಮುಗಿದರೆ ಮತ್ತೆ ಬಂದೂಕು. 2003ರಲ್ಲಿ ಬಂದ ಮೊದಲ ಕಾಲ್ ಆಫ್ ಡ್ಯೂಟಿಯೂ ಹೀಗೆ ಕಣ್ಣಿನಿಂದಲೇ ನೋಡುವ ಆಟ.

ಮಗನ ಭುಜದ ಮೇಲಿಂದ ಇಣುಕಿದೆ. ಒಬ್ಬ ಸೈನಿಕ ನಮಗೆ ಬೆನ್ನು ಹಾಕಿ ಓಡುತ್ತಿದ್ದ.

"ಇವನ್ಯಾರೋ?"

"ನಾನೇ ಅಪ್ಪಾ."

"ನೀನಾದ್ರೆ ನಿನ್ನ ಬೆನ್ನು ನಿನಗೆ ಹೇಗೋ ಕಾಣುತ್ತೆ?"

ಅವನು ನಕ್ಕ. "ಇದು ಥರ್ಡ್ ಪರ್ಸನ್. ಫಸ್ಟ್ ಪರ್ಸನ್ನೂ ಇದೆ, ನಂಗೆ ಇದೇ ಇಷ್ಟ."

ಆಮೇಲೆ ಹುಡುಕಿ ನೋಡಿದೆ. 2009ರ ಮಾಡರ್ನ್ ವಾರ್‌ಫೇರ್ 2ರಲ್ಲೇ ಇಂಥದ್ದೊಂದು ಬಗೆ ಇತ್ತಂತೆ. 2022ರಲ್ಲಿ ಅದೇ ಹೆಸರಿನ ಹೊಸ ಆಟದಲ್ಲಿ ಮತ್ತೆ ಬಂತು. 2019ರ ಮೊಬೈಲ್ ಆಟದ ಬ್ಯಾಟಲ್ ರಾಯಲ್‌ನಲ್ಲಿ ಎರಡರಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು. ನಮ್ಮ ವ್ಯಾಕರಣದಲ್ಲಿ 'ನಾನು' ಉತ್ತಮ ಪುರುಷ, 'ಅವನು' ಪ್ರಥಮ ಪುರುಷ. ತೆಲುಗಿನಲ್ಲೂ ಹಾಗೆಯೇ. ಇಂಗ್ಲಿಷಿನ ಫಸ್ಟ್ ಪರ್ಸನ್ ನಮ್ಮ ಪ್ರಥಮ ಪುರುಷನಲ್ಲ.

"ಇದರಲ್ಲೇನೋ ಲಾಭ?" ಅಂತ ಕೇಳಿದೆ.

ಸೈನಿಕನನ್ನು ಒಂದು ಗೋಡೆಗೆ ಒರಗಿಸಿ ನಿಲ್ಲಿಸಿದ. ಕ್ಯಾಮೆರಾ ಅವನ ಬೆನ್ನ ಹಿಂದೆ, ತುಸು ಮೇಲಿತ್ತು. ಗೋಡೆಯಾಚೆಯ ಅಂಗಳವೆಲ್ಲ ಕಾಣುತ್ತಿತ್ತು. "ನೋಡಿ, ತಲೆ ಹೊರಗೆ ಹಾಕೋದೇ ಬೇಡ. ಆ ಕಡೆಯವರು ಏನು ಮಾಡ್ತಾರೆ ಅಂತ ಇಲ್ಲಿಂದ್ಲೇ ನೋಡಬಹುದು. ಅವರಿಗೆ ನಾವು ಕಾಣಲ್ಲ. ಗುಂಡೂ ತಾಗಲ್ಲ."

ಪಬ್‌ಜಿಯವರು 2017ರಲ್ಲಿ ಫಸ್ಟ್ ಪರ್ಸನ್ ಆಟಗಾರರಿಗೇ ಬೇರೆ ಸರ್ವರ್ ಕೊಟ್ಟಿದ್ದರು. ಹೀಗೆ ಅಡಗಿ ನೋಡುವುದು ಮೋಸ ಅನ್ನುವವರು ಆಗ ಬಹಳ ಜನ ಇದ್ದರು. ನನಗೂ ಹಾಗೇ ಅನ್ನಿಸಿತು. ಅದನ್ನು ಹೇಳಲು ಬಾಯಿ ತೆರೆದವನು ಸುಮ್ಮನಾದೆ.

ಭಾನುವಾರಗಳಂದು ವಾರ್ಡನ್ನಿನ ಫೋನಿಂದ ಐದು ನಿಮಿಷ ಮಾತಾಡುತ್ತಿದ್ದ ಮಗ, ದಸರಾ ಕಳೆದ ಮೇಲೆ ಒಂದೇ ವಿಷಯ ಹೇಳುತ್ತಿದ್ದ. "ನಮ್ಮ ರೂಮಲ್ಲಿ ಒಬ್ಬ ಹುಡುಗ ಇದಾನೆ ಅಪ್ಪಾ, ರಾತ್ರಿ ನಿದ್ದೆನೇ ಮಾಡಲ್ಲ." ಮುಂದಿನ ವಾರ, "ಆ ಹುಡುಗ ಊಟ ಬಿಟ್ಟಿದಾನೆ." ಅದರ ಮುಂದಿನ ವಾರ, "ಬಾತ್‌ರೂಮಿಗೆ ಹೋಗಿ ಅಳ್ತಾನೆ."

ನಾನು ಪ್ರತಿಸಲವೂ ಹೇಳಿದ್ದು ಇಷ್ಟೇ: "ಅಂಥೋರ ಸಹವಾಸ ನಿನಗ್ಯಾಕೆ? ನಿನ್ನ ಓದು ನೋಡ್ಕೋ. ಈ ವಾರದ ಟೆಸ್ಟಲ್ಲಿ ಎಷ್ಟು ಬಂತು?"

ಗೋಡೆಯ ಹಿಂದೆ ನಿಂತು ಅಪ್ಪ ಏನು ಮಾಡುತ್ತಾನೆ ಅಂತ ನೋಡಿದ್ದ. ಅಪ್ಪನ ಕಣ್ಣ ಮುಂದೆ ಇದ್ದುದು ಗುರಿ ಒಂದೇ.

"ನಿಮ್ಮ ರೂಮಿನ ಆ ಹುಡುಗ ಈಗ ಹೇಗಿದಾನೋ?" ಅಂತ ಕೇಳಿದೆ.

ಅವನ ಹೆಬ್ಬೆರಳು ನಿಂತಿತು. ಪರದೆಯಲ್ಲಿ ಯಾರೋ ಗುಂಡು ಹಾರಿಸಿದರು, ಸೈನಿಕ ಬಿದ್ದ. "ಹಾಗೇ ಇದಾನೆ" ಅಂದ. ತಲೆ ಎತ್ತಲಿಲ್ಲ.

ಆ ರಾತ್ರಿ ಅವನಮ್ಮನೂ ನಾನೂ ಮಲಗಲಿಲ್ಲ. ಕಟ್ಟಿದ ಫೀಸಿನ ಲೆಕ್ಕ ಹಾಕಿದೆವು, ವಾಪಸ್ ಬರುವುದಿಲ್ಲ ಅಂತ ಗೊತ್ತಿತ್ತು. ರಜೆ ಮುಗಿದ ದಿನ ನಾನೂ ಅವನ ಜೊತೆ ವಿಜಯವಾಡಕ್ಕೆ ಹೋದೆ. ಟ್ರಂಕು, ಹಾಸಿಗೆ ಕಟ್ಟಿಸಿಕೊಂಡು ಮರುದಿನ ಬೆಳಗಿನ ರತ್ನಾಚಲ್ ಹತ್ತಿದೆವು. ಏಲೂರು ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ. ಫೋನ್ ಅವನ ಮುಂದೆ ಹಿಡಿದೆ, ಬೇಡ ಅಂದ.

ಕೊವ್ವೂರು ಬಿಟ್ಟು ರೈಲು ಗೋದಾವರಿಯ ಸೇತುವೆ ಮೇಲೆ ಬಂತು. ಕಿಟಕಿಯಾಚೆ ನೀರು ನೋಡುತ್ತಿದ್ದವನು ನನ್ನ ಕಡೆ ತಿರುಗದೆಯೇ ಹೇಳಿದ:

"ನಂಗೆ ಅಲ್ಲಿ ನಿದ್ದೆ ಬರ್ತಿರ್ಲಿಲ್ಲ ಅಪ್ಪಾ."

"ಹೂಂ, ಹೇಳು" ಅಂದೆ. ಟೆಸ್ಟಿನ ಮಾತು ಎತ್ತಲಿಲ್ಲ.