ಹಿಂದಿನ ಬೆಂಚಿನವರು ಏನ್ ಮಾಡ್ತಾರೆ?

"ಎಂಪಿ ಆದವ್ರು ದಿಲ್ಲಿಗೆ ಹೋಗಿ ಏನ್ ಮಾಡ್ತಾರ್ರೀ? ಮೇಜು ಕುಟ್ಟಿ ಬರ್ತಾರ, ಅಷ್ಟ!" ನಮ್ಮ ಬೆಳಗಾವಿ ಕಡೆ ಚುನಾವಣೆ ಬಂದಾಗೆಲ್ಲ ಕೇಳೋ ಮಾತಿದು. ಮಂತ್ರಿಯಾಗದ ಸಂಸದ ಅಂದ್ರೆ ಲೆಕ್ಕಕ್ಕಿಲ್ಲ ಅನ್ನೋದು ನಮ್ಮೆಲ್ಲರ ನಂಬಿಕೆ. ಆದರೆ ಹಿಂದಿನ ಬೆಂಚಿನವರ ಕೈಯಲ್ಲೂ ಒಂದು ಆಯುಧ ಇದೆ: ಪ್ರಶ್ನೆ.

ಲೋಕಸಭೆಯಲ್ಲಿ ದಿನಕ್ಕೆ 20 ಪ್ರಶ್ನೆಗಳು ಮೌಖಿಕ ಉತ್ತರಕ್ಕೆ, 230 ಪ್ರಶ್ನೆಗಳು ಲಿಖಿತ ಉತ್ತರಕ್ಕೆ ಪಟ್ಟಿಯಾಗುತ್ತವೆ. ಯಾರದ್ದು ಮೊದಲು ಅನ್ನೋದು ಚೀಟಿ ಎತ್ತಿ ನಿರ್ಧಾರ. ಅಲ್ಲಿ ಪಕ್ಷದ ದೊಡ್ಡವರು, ಸಣ್ಣವರು ಅನ್ನೋ ಭೇದ ಇಲ್ಲ. ಇದರಲ್ಲಿ ನನಗೆ ಇಷ್ಟವಾದ ಸಂಗತಿ ಬೇರೆ. ಮಂತ್ರಿ ಸದನದಲ್ಲಿ "ಪರಿಶೀಲಿಸುತ್ತೇವೆ" ಅಂದ್ರೆ ಅದು 'ಭರವಸೆ' ಅಂತ ದಾಖಲಾಗುತ್ತೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಅದನ್ನ ನೋಡೋಕೆ ಪ್ರತ್ಯೇಕ ಸಮಿತಿಯೇ ಇದೆ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ, ಟಿಕೆಟ್ ಓಪನ್ ಆಯ್ತು. ಸುಮ್ಮನೆ ಕ್ಲೋಸ್ ಮಾಡೋ ಹಾಗಿಲ್ಲ.

ಸುರೇಶ ಅಂಗಡಿಯವರು 2004ರಿಂದ ಬೆಳಗಾವಿಯಿಂದ ಸತತ ನಾಲ್ಕು ಸಲ ಗೆದ್ದವರು. ಮೊದಲ 15 ವರ್ಷ ಮಂತ್ರಿಗಿರಿ ಇರಲಿಲ್ಲ. 2019ರಲ್ಲಿ ರೈಲ್ವೆ ರಾಜ್ಯ ಸಚಿವರಾದರು, ಕೇಳುವವರು ಉತ್ತರಿಸುವವರಾದರು. ಧಾರವಾಡ-ಕಿತ್ತೂರು-ಬೆಳಗಾವಿ ಹೊಸ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು ಅವರ ಕಾಲದಲ್ಲೇ: ಸುಮಾರು 73 ಕಿ.ಮೀ., 927 ಕೋಟಿ ರೂಪಾಯಿ ಅಂದಾಜು. 2020ರ ಸೆಪ್ಟೆಂಬರ್ 23ರಂದು ಕೋವಿಡ್‌ನಿಂದ ದಿಲ್ಲಿಯ ಏಮ್ಸ್‌ನಲ್ಲಿ ತೀರಿಕೊಂಡರು. ಕೋವಿಡ್ ಕಾರಣಕ್ಕೇ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೂ ಕೈಬಿಟ್ಟಿದ್ದರು.

ಈಗ ಖಾನಾಪುರದ ಮಾತಿಗೆ ಬರೋಣ. ಬೆಳಗಾವಿಯಿಂದ ಬರೀ 25 ಕಿ.ಮೀ. ಆದರೆ ಲೋಕಸಭೆಗೆ ಅದು ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರಿದೆ. ಜಿಲ್ಲಾಧಿಕಾರಿ ಬೆಳಗಾವಿಯವರು, ಸಂಸದರು ಘಟ್ಟದ ಆಚೆಯ ಕ್ಷೇತ್ರದವರು. ಈಗಿನ ಹಳಿ ಖಾನಾಪುರ, ಲೋಂಡಾ ಸುತ್ತಿ ಧಾರವಾಡಕ್ಕೆ ಹೋಗುತ್ತೆ, ಹತ್ತಿರತ್ತಿರ 120 ಕಿ.ಮೀ. ಹೊಸ ಹಳಿ ಬಂದ್ರೆ ಬೆಳಗಾವಿಯವರಿಗೆ ಒಳ್ಳೇದೇ, ಸಮಯ ಉಳಿಯುತ್ತೆ. ಆದರೆ ಲೋಂಡಾ, ಖಾನಾಪುರದಲ್ಲಿ ಈಗ ನಿಲ್ಲೋ ರೈಲುಗಳಲ್ಲಿ ಎಷ್ಟು ಉಳಿಯುತ್ತವೆ? ಖಾನಾಪುರ ತಾಲೂಕಿನ ಗರ್ಲಗುಂಜಿ ಭಾಗದ ರೈತರು ಫಲವತ್ತಾದ ಜಮೀನು ಹೋಗುತ್ತೆ ಅಂತ ವಿರೋಧಿಸಿದ್ದೂ ಇದೇ ಮಾರ್ಗಕ್ಕೆ. ನನ್ನ ಅಜ್ಜಿ ಮನೆ ಆ ತಾಲೂಕಿನಲ್ಲಿ, ನಮ್ಮ ಮನೆ ಬೆಳಗಾವಿಯಲ್ಲಿ. ಹಂಗಾಗಿ ಮನೆಯಲ್ಲಿ ಈ ವಿಷಯ ಬಂದ್ರೆ ಎರಡು ಪಕ್ಷ ಆಗ್ತೀವಿ.

ಇಂಥಲ್ಲೇ ಹಿಂದಿನ ಬೆಂಚಿನವರು ಬೇಕಾಗೋದು. ಮೊದಲು ಪ್ರತಿವರ್ಷ ರೈಲ್ವೆಗೆ ಬೇರೆ ಬಜೆಟ್ ಇತ್ತು. 2017ರಿಂದ ಅದು ಸಾಮಾನ್ಯ ಬಜೆಟ್‌ನಲ್ಲಿ ಸೇರಿಹೋಯ್ತು. ಹೀಗಾಗಿ ಒಂದು ತಾಲೂಕಿನ ಹಳಿಯ ಮಾತು ದಿಲ್ಲಿ ತಲುಪಬೇಕಂದ್ರೆ ಲಿಖಿತ ಪ್ರಶ್ನೆಯೋ, ಶೂನ್ಯ ವೇಳೆಯೋ, ನಿಯಮ 377ರ ಪ್ರಸ್ತಾಪವೋ ಇನ್ನಷ್ಟು ಮುಖ್ಯ. "ಹೊಸ ಮಾರ್ಗ ಆದಮೇಲೆ ಲೋಂಡಾ ದಾರಿಯ ರೈಲುಗಳ ಗತಿ ಏನು?" ಅನ್ನೋ ಒಂದು ಸಾಲಿನ ಪ್ರಶ್ನೆ ಸಾಕು, ಸರ್ಕಾರ ಬರಹದಲ್ಲಿ ಉತ್ತರ ಕೊಡಲೇಬೇಕು. ಆ ಉತ್ತರ ಹಿಡಿದು ಊರವರು ಮುಂದಿನ ಮಾತು ಆಡಬಹುದು.

ನಮ್ಮ ಸಂಸದರು ಏನೇನು ಕೇಳಿದ್ದಾರೆ ಅನ್ನೋದು ಸಂಸತ್ತಿನ ವೆಬ್‌ಸೈಟಿನಲ್ಲಿ ಹೆಸರಿನ ಸಮೇತ ಇದೆ, ಮೊಬೈಲಿನಲ್ಲೇ ಸಿಗುತ್ತೆ. ರೀಲ್ಸ್ ನೋಡೋ ಹೊತ್ತಲ್ಲಿ ಹತ್ತು ನಿಮಿಷ ಅದನ್ನ ಓದಿ. ನಿಮ್ಮೂರಿನ ವಿಷಯ ಅದರಲ್ಲಿ ಇಲ್ಲ ಅಂದ್ರೆ, ಸಂಸದರ ಕಚೇರಿಗೆ ಒಂದು ಪತ್ರ ಬರೆಯಿರಿ. ಪ್ರಶ್ನೆಯನ್ನು ಕನಿಷ್ಠ 15 ದಿನ ಮುಂಚೆ ಸಲ್ಲಿಸಬೇಕು. ಅಧಿವೇಶನ ಶುರುವಾದ ಮೇಲೆ ಬರೆದ್ರೆ ತಡ ಆಗುತ್ತೆ.