ಹಾಲಿನ ಗೆರೆ

ಜೂನ್ 11, ಬೆಳಿಗ್ಗೆ

ಮದ್ದೂರಿನ ಆಚೆಯ ಹಳ್ಳಿ. ಮೇಲಿನ ಕೇರಿ ಅಕ್ಕನ ಎಚ್‌ಎಫ್ ತಳಿಯ ಹಸು. ಪರೀಕ್ಷೆಯ ತಟ್ಟೆಯ ನಾಲ್ಕು ಗುಳಿಗಳಿಗೆ ನಾಲ್ಕು ಮೊಲೆಯ ಹಾಲು ಹಿಂಡಿ, ಊದಾ ದ್ರಾವಣ ಹಾಕಿ ತಿರುಗಿಸಿದೆ. ಮೂರರಲ್ಲಿ ನೀರಾಗಿಯೇ ಉಳಿಯಿತು. ಹಿಂದಿನ ಎಡಮೊಲೆಯದು ಲೋಳೆಯಾಗಿ ನಡುವೆ ಗುಡ್ಡೆಗಟ್ಟಿತು. ಕೆಚ್ಚಲು ಬಾವು.

“ನಮ್ಮನೇಲಿ ಜಾಸ್ತಿ ಕರಿಯೋದೇ ಇದು ಮೇಡಂ, ಇದಕ್ಕೇ ಬಂತಲ್ಲ.”

ಎಲ್ಲ ಕೊಟ್ಟಿಗೆಯಲ್ಲೂ ಇದೇ ಮಾತು.

ರಾತ್ರಿ

ಬಾವಿನಿಂದ ಎಷ್ಟು ಹಾಲು ನಷ್ಟ ಎಂದು ಅಳೆಯುವ ಮಾಡೆಲ್‌ಗೆ ಕೂಡಿಸಿದ ಲೆಕ್ಕವನ್ನು ಗ್ರಾಫ್ ಮಾಡಿದೆ. ಬಾವು ಬಂದ ಹಸುಗಳ ಸರಾಸರಿ ಹಾಲು, ಬಾರದವುಗಳಿಗಿಂತ ಹೆಚ್ಚು! ಈ ಗ್ರಾಫ್ ನೋಡಿದವರು ಬಾವು ಬರಲಿ ಎಂದು ಹರಕೆ ಹೊತ್ತಾರು. ಅಕ್ಕ ಹೇಳಿದ್ದೇ ಸರಿ, ಹೆಚ್ಚು ಕರೆಯುವುದಕ್ಕೇ ರೋಗ ಹೆಚ್ಚು. ಹಸುವನ್ನು ಪಕ್ಕದ ಹಸುವಿನೊಂದಿಗಲ್ಲ, ಅದೇ ಹಸುವಿನ ಮುಂಚಿನ ಹಾಲಿನ ಜೊತೆಗೇ ಹೋಲಿಸಬೇಕು. ಪ್ರತಿ ಹಸುವಿಗೂ ಅದರದೇ ಮಟ್ಟ, ಅದರದೇ ಗೆರೆ.

ಜೂನ್ 14

ಹಾಲಿನ ಗೆರೆಗೆ ವುಡ್ 1967ರಲ್ಲಿ ಕೊಟ್ಟ ಸಮೀಕರಣ. ಮೂರೇ ಅಂಕಿ: ಒಂದು ಮಟ್ಟಕ್ಕೆ, ಒಂದು ಏರಿಕೆಗೆ, ಒಂದು ಇಳಿತಕ್ಕೆ. ಕರು ಹಾಕಿ ಒಂದೆರಡು ತಿಂಗಳಿಗೆ ಹಾಲು ತುದಿ ಮುಟ್ಟಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಚೆಂದದ ಗೆರೆ. ಬಾವು ಬಂದರೆ ನಡುವೆ ಗುಂಡಿ. ಮತ್ತೆ ಏರಿದರೂ ಹಳೆಯ ಮಟ್ಟ ಮುಟ್ಟುವುದೇ ಅಪರೂಪ.

ತೊಡಕು: ರೋಗ ಕಣ್ಣಿಗೆ ಬೀಳುವ ಮುನ್ನವೇ ಹಾಲು ಇಳಿಯತೊಡಗಿರುತ್ತದೆ. ‘ಮುಂಚಿನ ದಿನ’ ಎಂದು ಯಾವುದನ್ನು ಹಿಡಿಯಲಿ? ತೀರ ಹತ್ತಿರದ್ದು ಹಿಡಿದರೆ ನಷ್ಟ ಕಡಿಮೆ ಕಾಣುತ್ತದೆ. ಕರು ಹಾಕಿದ ವಾರವೇ ಬಾವು ಬಂದರೆ ಮುಂಚೆ ಎನ್ನುವುದೇ ಇಲ್ಲ.

ಜೂನ್ 16

ಹಾಲಿನಲ್ಲಿರುವ ಸೊಮ್ಯಾಟಿಕ್ ಸೆಲ್ (ದೇಹದ ಕೋಶ) ಲೆಕ್ಕ ಬಂತು. ಮಿಲಿಲೀಟರಿಗೆ 2 ಲಕ್ಷ ದಾಟಿದರೆ ಬಾವಿನ ಅನುಮಾನ. ಆದರೆ ಹಾಲು ಕಡಿಮೆಯಾದರೂ ಅಷ್ಟೇ ಕೋಶಗಳು ದಟ್ಟವಾಗಿ ಕಾಣುತ್ತವೆ. ಯಾವುದರಿಂದ ಯಾವುದು? ತಲೆ ಕೆಟ್ಟಿತು. ಬೇಗ ಮಲಗಿದೆ.

ಜೂನ್ 19

ಡೇರಿ ಪುಸ್ತಕದಲ್ಲಿ ಅಕ್ಕನ ಹೆಸರಿನ ಮುಂದೆ ಖಾಲಿ. ಹಸು ಕರೆಯುತ್ತಲೇ ಇದೆ. ಆಂಟಿಬಯೋಟಿಕ್ ಸೂಜಿ ಹಾಕಿಸಿದ್ದರಿಂದ ಹಾಲು ಡೇರಿಗೆ ಹಾಕುತ್ತಿಲ್ಲ, ಅಷ್ಟೆ. ಕಂಪ್ಯೂಟರ್ ಇದನ್ನು ಸೊನ್ನೆ ಎಂದು ಓದಿಕೊಂಡರೆ ಕಥೆ ಮುಗಿಯಿತು. ಅದಲ್ಲದೆ ಪುಸ್ತಕದಲ್ಲಿರುವುದು ಮನೆಯ ಹಾಲು, ಹಸುವಿನದಲ್ಲ. ಬಕೆಟ್ಟು, ತೂಕದ ಕೊಕ್ಕೆ ಹಿಡಿದು ನಾನೇ ಹೋಗದೆ ಗತಿಯಿಲ್ಲ.

ಜೂನ್ 28

ಅಕ್ಕನ ಕೊಟ್ಟಿಗೆಯ ಗೂಟ ಖಾಲಿ. ಸಂತೆಗೆ ಹೊಡೆದರಂತೆ. ಗಂಟಲು ಕಟ್ಟಿತು, ಹಸು ನನ್ನದೂ ಅಲ್ಲ.

ರಾತ್ರಿ ನನ್ನ ಸಂಶೋಧನೆಯ ಗೈಡ್ ಫೋನಿನಲ್ಲಿ, “ಆ ಹಸುವಿನ ಸಾಲು ತೆಗೆದುಬಿಡಮ್ಮ” ಎಂದರು. ತೆಗೆಯುವುದು ಹೇಗೆ? ಹಾಲು ತೀರಾ ಬಿದ್ದವೇ ಮಾರಿಹೋಗಿ, ಚೇತರಿಸಿಕೊಂಡವೇ ಪಟ್ಟಿಯಲ್ಲಿ ಉಳಿದರೆ, ಬಾವಿನಿಂದ ಅಂಥ ನಷ್ಟವೇನಿಲ್ಲ ಎಂದೇ ಮಾಡೆಲ್ ಹೇಳುತ್ತದೆ. ಮಾರಾಟವನ್ನೂ ಹಾಲನ್ನೂ ಒಟ್ಟಿಗೆ ಕೂರಿಸಬಹುದು. ಆದರೆ ಯಾವುದನ್ನು ಏಕೆ ಮಾರಿದರು ಎನ್ನುವುದು ಗೊತ್ತಿರಬೇಕು.

ಜೂನ್ 29

ಅಕ್ಕನನ್ನೇ ಕೇಳಿದೆ. ಬಾವಿಗೆ ಮಾರಿದಿರೋ, ಮಗಳ ಕಾಲೇಜು ಫೀಸಿಗೋ?

“ಎರಡಕ್ಕೂ ಕಣವ್ವ. ಹಾಲು ಸರಿಯಾಗಿದ್ರೆ ಫೀಸಿಗೆ ಸಾಲ ಮಾಡ್ತಿದ್ದೆ.”

ಕಾರಣದ ಕಾಲಮ್ಮಿನಲ್ಲಿ ಒಂದೇ ಸಂಖ್ಯೆಗೆ ಜಾಗ. 1 ಹಾಕಿದೆ. ಅಳಿಸಿದೆ. ಇನ್ನೂ ಹಾಕಿಲ್ಲ.