ಷೆಫೀಲ್ಡಿನ ಹುಡುಗರು, ಧಾರವಾಡದ ಚಿಗವ್ವ

2018ರ ಮೇ 11, ಶುಕ್ರವಾರ. ಡೊಂಬಿವಿಲಿಯ ನಮ್ಮ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಹಾಡು ಕೇಳುತ್ತಿದ್ದ ಮಗರಾಯ ಮುಕ್ಕಾಲು ಗಂಟೆಯ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಹೊರಗೆ ಬಂದ. ಪರೀಕ್ಷೆಯ ಫಲಿತಾಂಶವೇ ಬಂದಿರಬೇಕೆಂದು ನಾವಿಬ್ಬರೂ ಗಾಬರಿಯಾದೆವು. ಹಾಗೇನಲ್ಲ. ಅವನ ಅಚ್ಚುಮೆಚ್ಚಿನ ಆರ್ಕ್ಟಿಕ್ ಮಂಕೀಸ್ ತಂಡ ಐದು ವರ್ಷಗಳ ನಂತರ ಅಂದು ತನ್ನ ಆರನೆಯ ಆಲ್ಬಮ್ ಹೊರತಂದಿತ್ತು.

“ಗಿಟಾರೇ ಇಲ್ಲಪ್ಪಾ, ಎಲ್ಲಾ ಪಿಯಾನೊ! ಇವರು ನಮ್ಮವರಾಗಿ ಉಳೀಲಿಲ್ಲ” ಅಂದ.

‘ನಮ್ಮವರು’ ಎಂಬ ಮಾತಿಗೆ ನಗು ಬಂತು. ಷೆಫೀಲ್ಡ್ ಎಂದರೆ ನಮಗೆ ಗೊತ್ತಿದ್ದುದು ಅಜ್ಜನ ಕ್ಷೌರದ ಕತ್ತಿಯ ಮೇಲಿನ ಹೆಸರು, ಅಷ್ಟೇ. ಆ ಉಕ್ಕಿನ ಊರಿನ ನಾಲ್ವರು ಹುಡುಗರು 2006ರಲ್ಲಿ ಮೊದಲ ಆಲ್ಬಮ್ ತಂದಾಗ ಬ್ರಿಟನ್ನಿನಲ್ಲಿ ಒಂದೇ ವಾರಕ್ಕೆ 3,60,000ಕ್ಕೂ ಮಿಕ್ಕಿ ಪ್ರತಿಗಳು ಖರ್ಚಾದವಂತೆ. ರಾತ್ರಿಯ ಟ್ಯಾಕ್ಸಿ, ಕುಣಿತದ ಕ್ಲಬ್ಬು, ಬಾಗಿಲಲ್ಲಿ ತಡೆಯುವ ಪೈಲವಾನರು, ಇವನ್ನೆಲ್ಲ ಅವರು ತಮ್ಮ ಓಣಿಯ ಇಂಗ್ಲಿಷಿನಲ್ಲೇ ಹಾಡಿದ್ದರು. ‘ಮಾರ್ಡಿ ಬಮ್’ ಎಂಬ ಹಾಡಿನಿಂದ ನಮ್ಮವನು ‘ಮಾರ್ಡಿ’ ಎಂಬ ಪದ ಕಲಿತ. ಸಿಡುಕು ಮೋರೆಯವರು ಎಂದರ್ಥ. ಅದನ್ನು ಮನೆಯಲ್ಲಿ ಯಾರ ಮೇಲೆ ಪ್ರಯೋಗಿಸುತ್ತಿದ್ದ ಎಂಬುದನ್ನು ಇಲ್ಲಿ ಬರೆಯುವುದು ಕ್ಷೇಮವಲ್ಲ.

ಈಗಿನ ಆಲ್ಬಮ್ಮಿನ ಹೆಸರು ‘ಟ್ರಾಂಕ್ವಿಲಿಟಿ ಬೇಸ್ ಹೋಟೆಲ್ ಆ್ಯಂಡ್ ಕಸೀನೊ’. 1969ರಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದ ಜಾಗದಲ್ಲೊಂದು ಹೋಟೆಲು! ಗಾಯಕ ಅಲೆಕ್ಸ್ ಟರ್ನರ್‌ಗೆ 30ನೆಯ ಹುಟ್ಟುಹಬ್ಬಕ್ಕೆ ಪಿಯಾನೊ ಉಡುಗೊರೆ ಬಂದಿತ್ತು. ಲಾಸ್ ಏಂಜಲಿಸ್‌ನ ಮನೆಯಲ್ಲಿ ಅದರ ಮುಂದೆ ಕೂತೇ ಈ ಹಾಡುಗಳನ್ನು ಕಟ್ಟಿದನಂತೆ. ಗಿಟಾರು ಇಲ್ಲವೆಂದಲ್ಲ, ಹಿಂದಿನ ಬೆಂಚಿಗೆ ಹೋಗಿದೆ.

ಅಭಿಮಾನಿಗಳು ಎರಡು ಪಕ್ಷವಾದರು. ಇದು ತಂಡದ್ದಲ್ಲ, ಅವನೊಬ್ಬನದೇ ಎಂದರು ಕೆಲವರು. ಹೋಟೆಲಿನಲ್ಲಿ ಊಟದ ಹೊತ್ತಿಗೆ ಬಾರಿಸುವ ಸಂಗೀತ ಎಂದರು ಇನ್ನು ಕೆಲವರು. ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಿದರು. ಬ್ರಿಟನ್ನಿನ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಹಳೆಯ ಕಾಲದ ಕಪ್ಪು ತಟ್ಟೆಗಳೇ ಒಂದು ವಾರದಲ್ಲಿ ಇಪ್ಪತ್ತನಾಲ್ಕು ಸಾವಿರಕ್ಕೂ ಮೇಲೆ ಹೋದವು. ತಮಾಷೆಯೆಂದರೆ, ಅದರಲ್ಲಿನ ‘ಫೋರ್ ಔಟ್ ಆಫ್ ಫೈವ್’ ಎಂಬ ಹಾಡು ಚಂದ್ರನ ಮೇಲಿನ ಖಾನಾವಳಿಯೊಂದಕ್ಕೆ ಐದಕ್ಕೆ ನಾಲ್ಕು ನಕ್ಷತ್ರ ಸಿಕ್ಕ ಕಥೆ. ವಿಮರ್ಶಕರ ಚಾಳಿಯನ್ನು ಹುಡುಗ ಮೊದಲೇ ಬಲ್ಲ!

ಆದರೆ ನಮ್ಮನ್ನು ಚುಚ್ಚಿದ್ದು ಇನ್ನೊಂದು ದೂರು. ಅಮೆರಿಕಕ್ಕೆ ಹೋದ ಮೇಲೆ ಅವನ ಉಚ್ಚಾರವೇ ಬದಲಾಯಿತು, ಊರಿನ ನಾಲಿಗೆ ಹೋಯಿತು ಎಂದು ಜನ 2013ರಿಂದಲೂ ಆಡಿಕೊಳ್ಳುತ್ತಿದ್ದರಂತೆ. ಮಗನೂ ಅದನ್ನೇ ಹೇಳಿದ. ಷೆಫೀಲ್ಡ್ ಕಾಣದವನು, ಡೊಂಬಿವಿಲಿಯಲ್ಲಿ ಹುಟ್ಟಿದವನು!

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿಂದಿನ ವರ್ಷ ಧಾರವಾಡದ ಚಿಗವ್ವ ನಮ್ಮ ಮುಂದೆ ಬುತ್ತಿ ಬಿಚ್ಚಿಟ್ಟು, “ನಿಮ್ಮ ಮಾತಿನ್ಯಾಗ ಮರಾಠಿ ಬೆರಕಿ ಆಗೈತಿ. ಮದಲಿನ್ಹಂಗ ಇಲ್ಲ ನೀವು” ಎಂದಿದ್ದಳು. ಪ್ರೀತಿಯಿಂದಲೇ ಅಂದಿದ್ದಳು. ಆ ರಾತ್ರಿ ಮಾತ್ರ ನಮಗೆ ನಿದ್ದೆ ಬರಲಿಲ್ಲ. ಇಪ್ಪತ್ತೆರಡು ವರ್ಷ ಲೋಕಲ್ ಗಾಡಿಯಲ್ಲಿ, ಭಾಜಿ ಮಾರ್ಕೆಟ್ಟಿನಲ್ಲಿ ಮರಾಠಿ ಆಡಿದ ನಾಲಿಗೆ ಇನ್ನು ಹೇಗಿರಬೇಕು? ಆಕೆಯ ಮಾತಿನಲ್ಲೂ ಈಗ ಬೆಂಗಳೂರಿನ ಧಾರಾವಾಹಿಗಳ ಕನ್ನಡ ನುಸುಳಿದೆ. ಹೇಳುವವರು ಯಾರು?

ಇದನ್ನು ಮಗನಿಗೆ ಹೇಳಿದೆವು. ಅವನು ಉತ್ತರ ಕೊಡಲಿಲ್ಲ. ಆದರೆ ಆ ತಿಂಗಳ ಕೊನೆಗೆ ಧಾರವಾಡಕ್ಕೆ ಹೊರಟಾಗ, ಮೀರಜ್ ದಾಟಿದ ಮೇಲೆ ಅದೇ ಆಲ್ಬಮ್ ಮತ್ತೆ ಹಾಕಿಕೊಂಡ. ಲೋಂಡಾದ ಹೊತ್ತಿಗೆ ಕಾಲು ತಾಳ ಹಾಕುತ್ತಿತ್ತು.

“ಎಷ್ಟು ಮಾರ್ಕು?” ಕೇಳಿದೆವು.

“ಐದಕ್ಕ ಮೂರು. ಇನ್ನೊಮ್ಮೆ ಕೇಳಿ ಹೇಳ್ತೀನಿ.”

ಚಿಗವ್ವ ಬಾಗಿಲಲ್ಲೇ ನಿಂತಿದ್ದಳು. ಬಾಯಿ ತೆರೆಯುವ ಮೊದಲು ನಾವಿಬ್ಬರೂ ಮನಸ್ಸಿನಲ್ಲೇ ಒಮ್ಮೆ ಮಾತು ಜೋಡಿಸಿಕೊಂಡೆವು.